ನಿಮ್ಮ ಹೊಸ ಭಾಷೆಗೂ ಒಂದು ಹಳೆಗಾಲ ಇರಲಿ

ಮಡಿಕೇರಿಯಲ್ಲಿ ಮಳೆ ರಜೆ ಕೊಟ್ಟರೆ ಕೆಲವು ಹುಡುಗರು ಕಥೆಗಾಗಿ ತಮ್ಮದೇ ಭಾಷೆ ಹೊಸೆಯಲು ಕೂರುತ್ತಾರೆ. ಒಳ್ಳೆಯದೇ. ಆದರೆ ಹೆಚ್ಚಿನವರು ಇವತ್ತಿನ ಪದ ಬರೆದು, ಆಮೇಲೆ ‘ಹಳೆಯ ರೂಪ’ ಬೇಕೆಂದು ಅಲ್ಲೊಂದು ಇಲ್ಲೊಂದು ಅಕ್ಷರ ತಿರುಚುತ್ತಾರೆ. ಅದು ಅಚ್ಚಿನ ತಪ್ಪಿನಂತೆ ಕಾಣುತ್ತದೆ ಅಷ್ಟೆ. ಹಳೆಯದನ್ನೇ ಮೊದಲು ಕಟ್ಟಿ. ಹೊಸದು ಅದರಿಂದ ಇಳಿದು ಬರಲಿ.

ಮೊದಲು ಹದಿನೈದಿಪ್ಪತ್ತು ಧ್ವನಿ, ಐವತ್ತು ಪದ. ಸಾಕು. ಪದ ಹುಟ್ಟಿಸಿಕೊಡುವ ಆನ್‌ಲೈನ್ ಯಂತ್ರಗಳ ಸಹವಾಸ ಬೇಡ. ರಾಶಿ ಸುರಿಯುತ್ತವೆ, ಒಂದೂ ಬಾಯಿಗೆ ಒಗ್ಗುವುದಿಲ್ಲ.

ಆಮೇಲೆ ಧ್ವನಿ ಬದಲಾಗುವ ನಿಯಮ. ಕೊಡಗಿನವರಿಗೆ ಇದು ದಿನಾ ಕಿವಿಗೆ ಬೀಳುವ ವಿಷಯ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಪಾಲ್, ಪತ್ತ್, ಪುತ್ತರಿ. ಕನ್ನಡದಲ್ಲಿ ಹಾಲು, ಹತ್ತು, ಹುತ್ತರಿ. ಹಳಗನ್ನಡದಲ್ಲೂ ‘ಪಾಲ್’ ಎಂದೇ ಇತ್ತು. ಆಮೇಲೆ ಪದದ ಶುರುವಿನಲ್ಲಿದ್ದ ಪಕಾರ ಹಕಾರವಾಯಿತು. ಆದರೆ ಅಪ್ಪ, ಉಪ್ಪು, ಕೆಂಪು ಹಾಗೇ ಉಳಿದವು. ಅಂದರೆ ಯಾವ ಧ್ವನಿ, ಪದದಲ್ಲಿ ಎಲ್ಲಿ, ಎರಡನ್ನೂ ಬರೆದಿಡಬೇಕು. ಆಮೇಲೆ ಎಲ್ಲ ಪದಕ್ಕೂ ಹಾಕಬೇಕು, ‘ಇದು ಚೆಂದ, ಬಿಡೋಣ’ ಅನ್ನಬಾರದು. ಅಪವಾದ ಬೇಕಿದ್ದರೆ ಪದವನ್ನು ತಡವಾಗಿ ಸಾಲ ತನ್ನಿ. ಪೆನ್ನು ತಡವಾಗಿ ಬಂತು, ಯಾರೂ ‘ಹೆನ್ನು’ ಅನ್ನುವುದಿಲ್ಲ ಅಲ್ವಾ?

ಎಲ್ಲರೂ ಮುಗ್ಗರಿಸುವುದು ನಿಯಮಗಳ ಸರದಿಯಲ್ಲಿ. ನದಿಗೆ ‘ತೋಕಿ’, ದಾರಿಗೆ ‘ತೋಕು’, ಬಹುವಚನಕ್ಕೆ ‘ನು’ ಇಟ್ಟುಕೊಳ್ಳಿ. ನಿಯಮ ಎರಡು. ಒಂದು, ‘ಕಿ’, ‘ಕೆ’ ಇದ್ದಲ್ಲಿ ‘ಚಿ’, ‘ಚೆ’ ಆಗುತ್ತದೆ. ನಮ್ಮ ಕಿವಿಗೆ ತೆಲುಗರು ಚೆವಿ ಅನ್ನುತ್ತಾರಲ್ಲ, ಅಂಥದ್ದು. ಎರಡು, ಪದದ ಕೊನೆಯ ಇ, ಉ ಬಿದ್ದುಹೋಗುತ್ತವೆ.

ಇದೇ ಸರದಿಯಲ್ಲಿ ಹೋದರೆ ತೋಕಿ ಮೊದಲು ತೋಚಿ, ಆಮೇಲೆ ತೋಚ್. ಬಹುವಚನ ತೋಚಿನ್. ಎಲ್ಲ ನೀಟು. ಈಗ ಸರದಿ ತಿರುಗಿಸಿ. ತೋಕಿಯ ಇಕಾರ ಮೊದಲೇ ಬಿದ್ದು ತೋಕ್ ಆಯಿತು. ಇನ್ನು ಚಕಾರ ಆಗಲು ಕಾರಣವೇ ಇಲ್ಲ. ಬಹುವಚನದಲ್ಲಿ ಮಾತ್ರ ಇಕಾರ ನಡುವೆ ಉಳಿದಿದೆ: ತೋಕಿನು, ತೋಕಿನ್, ತೋಚಿನ್. ಒಂದು ನದಿ ತೋಕ್, ಹಲವು ತೋಚಿನ್! ದಾರಿಯೂ ತೋಕ್, ಆದರೆ ದಾರಿಗಳು ತೋಕುನ್. ವ್ಯಾಕರಣದ ಈ ಗಂಟನ್ನು ನೀವು ಹಾಕಲಿಲ್ಲ, ಸರದಿ ಹಾಕಿತು. ಎರಡನೇ ಸರದಿಯನ್ನೇ ಹಿಡಿಯಿರಿ. ಗಂಟೇ ಬೇಡ ಅನ್ನುವವರಿಗೆ 1887ರ ಎಸ್ಪೆರಾಂಟೊ ಭಾಷೆ ಇದೆ. ಅದನ್ನು ಸುಲಭವಾಗಿ ಕಲಿಯಲೆಂದೇ ಕಟ್ಟಿದ್ದು.

ದಿನಬಳಕೆಯ ಪದಗಳಲ್ಲಿ ಗಂಟು ಉಳಿಸಿ, ಅಪರೂಪದವನ್ನು ಸರಿಮಾಡಿ. ಕನ್ನಡದಲ್ಲೂ ಬರು–ಬಂದ, ಕೊಡು–ಕೊಟ್ಟ ಹಾಗೇ ಉಳಿದಿವೆ. ವಿಭಕ್ತಿ ಪ್ರತ್ಯಯ ಸವೆದುಹೋದರೆ ಆ ಜಾಗಕ್ಕೆ ಇಡೀ ಪದವನ್ನೇ ತಂದು ಕೂರಿಸಿ. ಹಳಗನ್ನಡದ ‘ಮನೆಯೊಳ್’ ಈಗ ‘ಮನೆಯಲ್ಲಿ’, ‘ಒಳ್’ ಇದ್ದಲ್ಲಿ ‘ಅಲ್ಲಿ’ ಎಂಬ ಪದ ಕೂತಿದೆ.

ಕಂಪ್ಯೂಟರಿನಲ್ಲಿ ಸುಮ್ನೆ ಕ ಹುಡುಕಿ ಚ ಹಾಕುವ ಅಡ್ಡದಾರಿ ಬೇಡ. ಕಾ, ಕು ಎಲ್ಲವೂ ಚಾ, ಚು ಆಗಿಬಿಡುತ್ತವೆ. ನೋಟ್‌ಬುಕ್ಕಿನಲ್ಲಿ ತ್-ಓ-ಕ್-ಇ ಎಂದು ಬಿಡಿಸಿ, ಒಂದು ನಿಯಮಕ್ಕೆ ಒಂದು ಸಾಲಿನಂತೆ ಕೆಳಗಿಳಿಯಿರಿ. ಪೆನ್ಸಿಲಿನಲ್ಲೇ ಬರೆಯಿರಿ, ಸರದಿ ಬದಲಿಸಬೇಕಾಗಿ ಬಂದೇ ಬರುತ್ತದೆ.