ಮೊದಲ ಡಿಜೆ ಕಂಟ್ರೋಲರ್: ದೀಪ ಬಿಡಿ, ತೂತು ನೋಡಿ

ಡೊಂಬಿವಲಿಯಲ್ಲಿ ತಮ್ಮನ ಅರಿಶಿನದ ದಿನ ನಾನೇ ಡಿಜೆ. ಲ್ಯಾಪ್‌ಟಾಪ್‌ನ ಒಂದೇ ಜಾಕ್‌ಗೆ ಸ್ಪ್ಲಿಟರ್ ಹಾಕಿದ್ದೆ. ಹೆಡ್‌ಫೋನ್‌ನಲ್ಲಿ ನಾನು ಹುಡುಕುತ್ತಿದ್ದ ಹಾಡೆಲ್ಲ ಸ್ಪೀಕರ್‌ನಲ್ಲೂ ಬಂತು! ಅತ್ತೆ ಇವತ್ತಿಗೂ ನಗುತ್ತಾರೆ.

ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪ್‌ನ ಹಾಡುಗಳನ್ನು ಚಕ್ರ, ಗುಂಡಿಗಳಿಂದ ನಡೆಸುವ ಪೆಟ್ಟಿಗೆ. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಲ್ಯಾಪ್‌ಟಾಪ್‌ಗೆ ಮಿಕ್ಸ್ (Mixxx) ಅನ್ನೋ ಡಿಜೆ ಸಾಫ್ಟ್‌ವೇರ್ ಹಾಕಿಕೊಳ್ಳಿ, ಹೆಸರಲ್ಲಿ ಮೂರು ಎಕ್ಸ್ ಇರುವುದು. ಪೂರ್ತಿ ಉಚಿತ, ಲಿನಕ್ಸ್‌ನಲ್ಲೂ ಓಡುತ್ತದೆ. ಒಂದು ತಿಂಗಳು ಕೀಬೋರ್ಡ್‌ನಲ್ಲೇ ಕೈ ಪಳಗಲಿ.

ಆಮೇಲೆ ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ, ಲ್ಯಾಮಿಂಗ್ಟನ್ ರೋಡು. ಅಲ್ಲಿ ಮಿನುಗುವ ದೀಪಕ್ಕೆ ಮರುಳಾಗಬೇಡಿ. ಕಂಟ್ರೋಲರ್ ತಿರುಗಿಸಿ ತೂತು ನೋಡಿ: ಸ್ಪೀಕರ್‌ಗೆ ಒಂದು, ಹೆಡ್‌ಫೋನ್‌ಗೆ ಬೇರೆ ಒಂದು. ಒಳಗೆ ಸೌಂಡ್ ಕಾರ್ಡ್ (ಸದ್ದು ಹೊರಡಿಸುವ ಭಾಗ) ಇದೆಯೇ ಅಂತಲೂ ಕೇಳಿ. ನ್ಯೂಮಾರ್ಕ್ ಡಿಜೆ2ಗೋ2 ಟಚ್‌ನಲ್ಲಿ ಇದೆ, ಲೋಕಲ್ ರೈಲಿನ ನೂಕುನುಗ್ಗಲಲ್ಲೂ ಬ್ಯಾಗಿನಲ್ಲಿ ಕೂರುತ್ತದೆ. ಚಕ್ರ ಮಾತ್ರ ಸಣ್ಣದು. ಜಾಸ್ತಿ ಕೊಡಬಲ್ಲಿರಾದರೆ ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4. ಸದ್ದು ಕರಕರ ಅಂದರೆ ಮಿಕ್ಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಬಫರ್ (ಸದ್ದನ್ನು ಮುಂಚಿತವಾಗಿ ತುಂಬಿಡುವ ಜಾಗ) ಸ್ವಲ್ಪ ಏರಿಸಿ.