‘ದಿ ವರ್ಲ್ಡ್ ಅಟ್ ವಾರ್’ ಸರಣಿಯನ್ನು ತರಗತಿಯಲ್ಲಿ ತೋರಿಸುವ ಕ್ರಮ

ಎರಡನೇ ಮಹಾಯುದ್ಧವನ್ನು ಕುರಿತು ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್‌ಗಾಗಿ ಜೆರೆಮಿ ಐಸಾಕ್ಸ್ ನಿರ್ಮಿಸಿದ, 1973-74ರಲ್ಲಿ ಪ್ರಸಾರವಾದ 26 ಕಂತುಗಳ ಈ ಸಾಕ್ಷ್ಯಚಿತ್ರ ಸರಣಿಯನ್ನು ಮೈಸೂರು ಮತ್ತು ಮಂಡ್ಯದ ಪಿಯು ಕಾಲೇಜುಗಳ ಇತಿಹಾಸದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ತೋರಿಸಲೇಬೇಕು ಎಂಬುದು ನನ್ನ ಆಗ್ರಹ. ಯುದ್ಧವನ್ನು ಕಂಡುಂಡವರು ಬದುಕಿದ್ದಾಗಲೇ ಅವರ ಮಾತನ್ನು ಹಿಡಿದಿಟ್ಟ ಇಂಥ ಕೆಲಸ ಇನ್ನು ಸಾಧ್ಯವಿಲ್ಲ.

ವಾರಕ್ಕೆ ಒಂದೇ ಕಂತು ಸಾಕು. ಲಾರೆನ್ಸ್ ಒಲಿವಿಯರ್ ಅವರ ಇಂಗ್ಲಿಷ್ ನಿರೂಪಣೆ ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟವಾಗಬಹುದಾದ್ದರಿಂದ, ಆ ದಿನದ ಕಥೆಯನ್ನು ಮೊದಲೇ ಕನ್ನಡದಲ್ಲಿ ಹೇಳಿ, ಗೋಡೆಗೆ ಭೂಪಟ ತೂಗುಹಾಕಿ, ಆಮೇಲೆ ಪ್ರೊಜೆಕ್ಟರ್ ಹಚ್ಚುವುದು ಒಳ್ಳೆಯದು.

ಮುಖ್ಯವಾಗಿ ಕಲಿಸಬೇಕಾದುದು, ತೆರೆಯ ಮೇಲೆ ಮಾತನಾಡುತ್ತಿರುವವರು ಯಾರೆಂದು ಕೇಳುವ ಅಭ್ಯಾಸ. ಹಿಟ್ಲರನ ಶಸ್ತ್ರಾಸ್ತ್ರ ಸಚಿವನಾಗಿದ್ದ ಆಲ್ಬರ್ಟ್ ಸ್ಪೀರ್ ಇಲ್ಲಿ ಸಭ್ಯವಾಗಿ, ನಂಬುವಂತೆ ಮಾತನಾಡುತ್ತಾನೆ. ಅಲ್ಲಿ ಚಿತ್ರವನ್ನು ನಿಲ್ಲಿಸಿ: ಅವನು ಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಾಲಯದ ತೀರ್ಪಿನಂತೆ 20 ವರ್ಷ ಸೆರೆಯಲ್ಲಿದ್ದವನು, ಯಹೂದ್ಯರ ಸಾಮೂಹಿಕ ಹತ್ಯೆ ತನಗೆ ತಿಳಿದಿರಲಿಲ್ಲವೆಂದು ಸಾಧಿಸುತ್ತ ಬಂದವನು, ಆದರೆ ಆ ಹತ್ಯೆಯ ಬಗ್ಗೆ ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ 1943ರ ಅಕ್ಟೋಬರ್ 6ರಂದು ಮಾಡಿದ ಭಾಷಣದ ವೇಳೆ ತಾನು ಅಲ್ಲಿದ್ದೆನೆಂದು 1971ರಲ್ಲಿ ಅವನೇ ಬರೆದ ಪತ್ರ 2007ರಲ್ಲಿ ಬೆಳಕಿಗೆ ಬಂದಿತು. ಇಷ್ಟನ್ನು ತಿಳಿಸಿ ಅದೇ ತುಣುಕನ್ನು ಮತ್ತೊಮ್ಮೆ ಹಾಕಿದರೆ, ಸಾಕ್ಷಿಯ ಮಾತನ್ನು ತೂಗಿ ನೋಡುವುದು ಹೇಗೆಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ಮನದಟ್ಟಾಗುತ್ತದೆ.

ಹಳೆಯ ಯುದ್ಧಚಿತ್ರಗಳಲ್ಲಿ ಬಹುಪಾಲು ಮೂಕವಾಗಿ ತೆಗೆದವು, ಗುಂಡಿನ ಸದ್ದು ಆಮೇಲೆ ಸೇರಿಸಿದ್ದು ಎಂಬುದನ್ನೂ ಹೇಳಿರಿ.

ಬರ್ಮಾ ಕುರಿತ 14ನೇ ಕಂತಿಗೆ ಎರಡು ತರಗತಿಗಳನ್ನು ಮೀಸಲಿಡಿ. ಸರಣಿಯ ಕಣ್ಣು ಲಂಡನ್ನಿನದು; ಸುಮಾರು 25 ಲಕ್ಷಕ್ಕೆ ಬೆಳೆದ ಭಾರತೀಯ ಸೇನೆ, ಬರ್ಮಾದಿಂದ ಭಾರತದೊಳಕ್ಕೆ ನುಗ್ಗಿದ ಜಪಾನಿ ಸೇನೆಯನ್ನು ತಡೆದ 1944ರ ಇಂಫಾಲ್ ಮತ್ತು ಕೊಹಿಮಾ ಕದನಗಳು, ಮೈಸೂರು ಸಂಸ್ಥಾನದ ಬಂಡವಾಳವೂ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಇವುಗಳನ್ನು ಅಧ್ಯಾಪಕರೇ ಜೋಡಿಸಿ ಹೇಳಬೇಕು.

ನರಮೇಧವನ್ನು ಕುರಿತ 20ನೇ ಕಂತನ್ನು ಮುನ್ಸೂಚನೆಯಿಲ್ಲದೆ ತೋರಿಸಬೇಡಿ. ನೋಡಲಾಗದವರು ಹೊರಗೆ ಹೋಗಲಿ. ಅಂದು ಬೇರೆ ಪಾಠವನ್ನಾಗಲಿ ಪರೀಕ್ಷೆಯನ್ನಾಗಲಿ ಇಟ್ಟುಕೊಳ್ಳದೆ, ಮಾತನಾಡಬೇಕೆನ್ನುವವರೊಂದಿಗೆ ಕುಳಿತುಕೊಳ್ಳಲು ಸಮಯ ಬಿಡಿ.