ಕೊಡವ ಹಾಕಿ ಹಬ್ಬದ ಫೋಟೋ: ಗೋಲಿಗಿಂತ ಒಕ್ಕ ಮುಖ್ಯ

1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಈ ಟೂರ್ನಿಯಲ್ಲಿ ತಂಡ ಅಂದರೆ ಒಕ್ಕ, ಅಂದರೆ ಒಂದೇ ಮನೆಹೆಸರಿನ ಕೊಡವ ಕುಟುಂಬ. ಹಾಗಾಗಿ ಜೆರ್ಸಿ ಮೇಲಿನ ಮನೆಹೆಸರು ಚಿತ್ರದಲ್ಲಿ ಓದುವಂತಿರಲಿ. ಪಂದ್ಯಕ್ಕೆ ಮೊದಲೇ ಪ್ರತಿ ಆಟಗಾರರ ಬೆನ್ನಿನ ನಂಬರ್ ಕ್ಲಿಕ್ಕಿಸಿ, ತಂಡದ ಪಟ್ಟಿಯ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ತಂಡದವರಿಗೆಲ್ಲ ಒಂದೇ ಮನೆಹೆಸರು ಇರುವಾಗ ಫೋಟೋ ಶೀರ್ಷಿಕೆಯಲ್ಲಿ ಹೆಸರು ತಪ್ಪುವುದು ಇಲ್ಲೇ.

ಆಟಕ್ಕೆ ಶಟರ್ ವೇಗ 1/1000 ಸೆಕೆಂಡಿಗಿಂತ ಇಳಿಸಬೇಡಿ, ಸ್ಟಿಕ್ ಮಸುಕಾಗುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿಡಿ.

ಕಪ್ಪು ಕುಪ್ಯ (ಕೊಡವರ ಉದ್ದ ನಿಲುವಂಗಿ) ತೊಟ್ಟು ಚೇಲೆ (ಸೊಂಟಪಟ್ಟಿ) ಕಟ್ಟಿದ ಹಿರಿಯರು ಫ್ರೇಮ್ ತುಂಬಿದರೆ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿಬಿಡುತ್ತದೆ: ಕುಪ್ಯ ಬೂದಿಬಣ್ಣ, ಮುಖ ಬಿಳಚು. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕಿನ ಹೊಂದಾಣಿಕೆ) ಮೈನಸ್ 0.7 ಇಡಿ. ಗೋಲಾದ ತಕ್ಷಣ ಲೆನ್ಸ್ ಗ್ಯಾಲರಿಗೆ ತಿರುಗಿಸಿ. ಹಿಂದೆ ನೆರಿಗೆಯಿಟ್ಟು ಸೀರೆಯುಟ್ಟ ಅಜ್ಜಿ ಮೊಮ್ಮಗನಿಗಾಗಿ ಎದ್ದು ನಿಲ್ಲುವುದು ಆಗಲೇ.